ಮಡಿವಾಳ ಕಂಡ ದೋಣಿ

ಮಸ್ಕಿಯ ಹಳ್ಳದಲ್ಲಿ ದೋಣಿ ಬಿಡುವ ಆಸೆ ಯಾರಿಗೂ ಬರುವುದಿಲ್ಲ. ವರ್ಷದ ಬಹುಪಾಲು ಅಲ್ಲಿ ಮರಳು, ಜಾಲಿ, ಎಲ್ಲೋ ಒಂದು ಗುಂಡಿಯಲ್ಲಿ ನಿಂತ ನೀರು. ಮಳೆಗಾಲದಲ್ಲಿ ಬಂದರೆ ಒಮ್ಮೆಲೇ ಬರುತ್ತದೆ. ಆಗ ದಡದಲ್ಲಿ ನಿಂತವರೇ ಹಿಂದೆ ಸರಿಯಬೇಕು. ನೀರಿನ ಮೇಲೆ ಒಂದು ದಿನ ಹಾಯಾಗಿ ಕಳೆಯಬೇಕೆಂದರೆ ಈ ಸೀಮೆಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕೃಷ್ಣೆಯ ಕಡೆಗೋ ತುಂಗಭದ್ರೆಯ ಕಡೆಗೋ ಹೊರಡಬೇಕು. ಹಾಗೆ ಹೊರಟವರಲ್ಲಿ ಕೆಲವರು ರಾಯಚೂರು ದಾಟಿ ತೆಲಂಗಾಣದ ಗಡಿಗೆ ಹತ್ತಿಕೊಂಡ ಕುರುವಪುರಕ್ಕೆ ಹೋಗುತ್ತಾರೆ. ಅದು ಕೃಷ್ಣೆಯ ನಡುಗಡ್ಡೆ. ದತ್ತ ಪರಂಪರೆಯ ಗುರು ಶ್ರೀಪಾದ ಶ್ರೀವಲ್ಲಭರು ನೆಲೆಸಿದ್ದ ಕ್ಷೇತ್ರ.

ಹೊಳೆ ತುಂಬಿದ್ದಾಗ ಅಲ್ಲಿಗೆ ತೆಪ್ಪವೇ ಹಳೆಯ ದಾರಿ. ಪುಟ್ಟಿ, ಹರಿಗೋಲು ಎಂದರೂ ಅದೇ. ಹತ್ತಿರ ಹೋಗಿ ನೋಡಿದರೆ ಅದೊಂದು ದೊಡ್ಡ ಬುಟ್ಟಿ, ಅಷ್ಟೇ. ಸೀಳಿದ ಬಿದಿರನ್ನು ಗುಂಡಗೆ ಹೆಣೆದು ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಮುಂದೆ, ಹಿಂದೆ ಎಂಬುದೇ ಅದಕ್ಕಿಲ್ಲ. ಹುಟ್ಟು ಹಾಕುವವನು ಒಂದು ಮಗ್ಗುಲಿಗೆ ನೀರೆಳೆದರೆ ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ, ತಿರುಗುತ್ತಲೇ ಮುಂದೆ ಸಾಗುತ್ತದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇಂಥದೇ ಬುಟ್ಟಿದೋಣಿ ಕಂಡು, 15-20 ಜನ ಹಿಡಿಸುತ್ತಾರೆ, ಆದರೆ ಯಾವಾಗಲೂ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಮೊದಲ ಸಲ ಕುಳಿತವರಿಗೆ ತಾವು ದಡ ಬಿಟ್ಟೆವೋ ದಡವೇ ತಮ್ಮನ್ನು ಬಿಟ್ಟು ಸುತ್ತಲು ಹೊರಟಿತೋ ತಿಳಿಯುವುದಿಲ್ಲ. "ನಡುವ ಕುಂದರ್ರಿ, ಒಂದ ಕಡೆ ವಾಲಬ್ಯಾಡ್ರಿ" ಎಂಬ ಮಾತು ಕಿವಿಗೆ ಬಿದ್ದಾಗಲೇ ಮೈ ಸ್ತಿಮಿತಕ್ಕೆ ಬರುವುದು.

ಇದೇ ನೀರಿನ ಮೇಲಿನ ಒಂದು ವಿಹಾರ ಗುರುಚರಿತ್ರೆಯ ಕಥೆಯಾಗಿದೆ. ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ಆ ಗ್ರಂಥದ ಒಂಬತ್ತನೇ ಅಧ್ಯಾಯದಲ್ಲಿ ಕುರುವಪುರದ ಒಬ್ಬ ಮಡಿವಾಳ ಬರುತ್ತಾನೆ. ದಿನಾ ಹೊಳೆಯಲ್ಲಿ ಬಟ್ಟೆ ಒಗೆಯುವುದು, ಸ್ನಾನಕ್ಕೆ ಬಂದ ಗುರುವಿಗೆ ಅಡ್ಡಬೀಳುವುದು, ಅವರ ಅಂಗಳ ಗುಡಿಸುವುದು, ಇಷ್ಟೇ ಅವನ ಬದುಕು. ವೈಶಾಖದ ಒಂದು ದಿನ ಮುಸಲ್ಮಾನ ಅರಸನೊಬ್ಬ ಅಂತಃಪುರದವರ ಜೊತೆ ಸಿಂಗರಿಸಿದ ದೋಣಿಯೇರಿ ಜಲವಿಹಾರಕ್ಕೆ ಬಂದ. ದಡದಲ್ಲಿ ಆನೆ, ಕುದುರೆ, ವಾದ್ಯ. ಮಡಿವಾಳ ಕೈಯಲ್ಲಿದ್ದ ಕೆಲಸ ಮರೆತು ನಿಂತ. ಈ ಭಾಗ್ಯ ಇವನಿಗೆ ಹೇಗೆ ಬಂತು, ಯಾವ ಗುರು ಕೊಟ್ಟ, ತನ್ನದೂ ಒಂದು ಜನ್ಮವೇ ಎಂದು ಮರುಗಿದ.

ಗುರು ಅವನ ಮನಸ್ಸನ್ನು ಓದಿದರು. ಬೈಯಲಿಲ್ಲ. ದೋಣಿ, ಆನೆ, ಅಂತಃಪುರ ಎಲ್ಲ ಮಾಯೆ ಎಂದು ಪಾಠ ಹೇಳಲೂ ಇಲ್ಲ. ತಣಿಯದ ಇಂದ್ರಿಯ ಬಿಡುಗಡೆಗೆ ಅಡ್ಡ ಬರುತ್ತದೆ, ಆದ್ದರಿಂದ ರಾಜಭೋಗ ಅನುಭವಿಸಿಯೇ ಬಾ ಎಂದರು. ಈ ಜನ್ಮದಲ್ಲೋ ಮುಂದಿನದರಲ್ಲೋ ಎಂದೂ ಕೇಳಿದರು. ತನಗೆ ವಯಸ್ಸಾಯಿತು, ಮುಂದಿನದರಲ್ಲಾಗಲಿ ಎಂದ ಮಡಿವಾಳ, ಆಗಲೂ ನಿಮ್ಮ ದರ್ಶನವಾಗಬೇಕು ಎಂದು ಒಂದು ಷರತ್ತು ಸೇರಿಸಿದ.

ಹೀಗೊಂದು ಪ್ರಶ್ನೆ ಇಲ್ಲಿ ಏಳುತ್ತದೆ. ಸುಖದ ಆಸೆಯನ್ನು ಉಂಡು ಮುಗಿಸಬೇಕೋ, ಉಣ್ಣದೆಯೇ ದಾಟಬೇಕೋ? ನಮ್ಮ ಧರ್ಮಗ್ರಂಥಗಳಲ್ಲಿ ನದಿ ಎಂದರೆ ಸಾಮಾನ್ಯವಾಗಿ ದಾಟಲು ಇರುವುದು. ತೀರ್ಥ ಎಂಬ ಮಾತಿಗೇ ಹೊಳೆ ದಾಟುವ ಜಾಗ ಎಂಬ ಅರ್ಥವಿದೆ. ಜೈನರ ತೀರ್ಥಂಕರ ಆ ದಾರಿ ಮಾಡಿಕೊಟ್ಟವನು. ಬುದ್ಧ ತನ್ನ ಧರ್ಮವನ್ನೇ ತೆಪ್ಪಕ್ಕೆ ಹೋಲಿಸಿ, ದಡ ಸೇರಿದವನು ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಕಿಲ್ಲ ಎಂದ. ಸುಮ್ಮನೆ ತೇಲುವವನಿಗೆ, ಯಾವ ದಡವೂ ಬೇಡದವನಿಗೆ, ಈ ಹೋಲಿಕೆಗಳಲ್ಲಿ ಜಾಗವೇ ಇಲ್ಲ. ಕುರುವಪುರದ ಕಥೆ ಮಾತ್ರ ಅವನಿಗೂ ಜಾಗ ಕೊಡುತ್ತದೆ.

ಇದಕ್ಕೆ ತೀರಾ ಎದುರು ನಿಲ್ಲುವ ಮಾತು ಮಸ್ಕಿಯ ನೆರೆಯಲ್ಲೇ ಇದೆ. 12ನೇ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಆಸೆ ಅರಸರಿಗೆ ಇರಲಿ, ಭಕ್ತರಿಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳಿಸಿದಳು. ಕುರುವಪುರದ ಮಡಿವಾಳ ಆಸೆಪಟ್ಟದ್ದು ಅರಸನ ಬದುಕಿಗೆ; ಲಕ್ಕಮ್ಮ ಆಸೆಯನ್ನೇ ಅರಸನ ಪಾಲಿಗೆ ಬಿಟ್ಟಳು. ಅವಳು ಆ ಹೊಳೆದಂಡೆಯಲ್ಲಿ ನಿಂತಿದ್ದರೆ ಸಿಂಗರಿಸಿದ ದೋಣಿಯನ್ನು ಒಮ್ಮೆ ನೋಡಿ ಅಕ್ಕಿ ಆಯಲು ಹೋಗುತ್ತಿದ್ದಳೇನೋ.

ಲಕ್ಕಮ್ಮನ ಮಾತು ಗಟ್ಟಿ. ಅದರ ಎದುರು ವಾದ ಮಾಡುವುದು ಕಷ್ಟ. ಆದರೂ ಮಡಿವಾಳನ ಆಸೆಯನ್ನು ದುರಾಸೆ ಎಂದು ತಳ್ಳಿಹಾಕಲಾಗದು. ಬದುಕಿಡೀ ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲಿಗೆ ಬಟ್ಟೆ ಬಡಿದವನಿಗೆ, ಅದೇ ನೀರಿನ ಮೇಲೆ ಒಬ್ಬ ಸುಮ್ಮನೆ ಕೂತು ಹೋಗಬಲ್ಲ ಎಂಬುದು ಆ ದಿನ ಕಣ್ಣಿಗೆ ಬಿತ್ತು. ಅವನು ಬಯಸಿದ ಭೋಗದಲ್ಲಿ ಅರ್ಧ ವಿಶ್ರಾಂತಿಯೇ ಇದ್ದಿರಬೇಕು.

ಇನ್ನು ನಿಜವಾಗಿ ಅರಸನಾಗಿದ್ದವನ ಮಾತು. ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಬ್ರಾಹ್ಮಿ ಶಾಸನವನ್ನು 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡುಹಿಡಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಅದರಲ್ಲಿ. ಶಾಸನದ ತಿರುಳು ಪ್ರಯತ್ನದ ಹಿರಿಮೆ: ಉಪಾಸಕನಾದ ಮೇಲೆ ಮೊದಲು ಹೆಚ್ಚು ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮಿಸಿದೆ, ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ, ಸಣ್ಣವನಿಗೂ ಸಿಗುತ್ತದೆ. ಇದೇ ಅಶೋಕ ತನ್ನ ಎಂಟನೇ ಬಂಡೆ ಶಾಸನದಲ್ಲಿ ಹಿಂದಿನ ಅರಸರ ವಿಹಾರಯಾತ್ರೆ, ಬೇಟೆಗಳನ್ನು ನೆನೆದು, ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಬೋಧಿವೃಕ್ಷದ ಕಡೆ ಹೊರಟು ಧರ್ಮಯಾತ್ರೆ ಶುರುಮಾಡಿದ್ದನ್ನು ಹೇಳುತ್ತಾನೆ. ಅದರ ಒಂದು ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಶ್ರಮಣರನ್ನು, ಬ್ರಾಹ್ಮಣರನ್ನು, ಮುದುಕರನ್ನು, ಹಳ್ಳಿಯ ಜನರನ್ನು ಕಾಣುವುದೇ ಆ ಯಾತ್ರೆ. ಇದರಲ್ಲಿ ಸಿಗುವ ಸಂತೋಷ ಉಳಿದೆಲ್ಲದಕ್ಕಿಂತ ಹೆಚ್ಚು ಎಂದೂ ಅವನು ಕೆತ್ತಿಸಿದ. ಸಂತೋಷ ಬೇಡವೆಂದು ಅವನೂ ಹೇಳಲಿಲ್ಲ ಎನ್ನುವುದನ್ನು ಗಮನಿಸಬೇಕು. ಅರಮನೆಯ ವಿಹಾರವನ್ನೆಲ್ಲ ಕಂಡವನು ಹೀಗೆ ಹೇಳಿದಾಗ, ಉಂಡು ಮುಗಿಸಿಯೇ ಬಾ ಎಂದ ಕುರುವಪುರದ ಗುರುವಿನ ಮಾತಿಗೆ ಒಂದು ಸಾಕ್ಷಿ ಸಿಕ್ಕಂತಾಯಿತು.

ಈ ಮೂರು ಮಾತುಗಳಲ್ಲೂ ಲೆಕ್ಕಕ್ಕೆ ಬಾರದೆ ಉಳಿದವನು ಹುಟ್ಟು ಹಾಕುವವನು. ಅರಸನ ದೋಣಿಯನ್ನೂ ಯಾರೋ ನಡೆಸಿರಬೇಕು. ಕಥೆ ಅವನ ಹೆಸರೆತ್ತುವುದಿಲ್ಲ. ಯಾತ್ರಿಕರಿಗೆ ಅರ್ಧ ಗಂಟೆಯ ಮೋಜಾಗಿರುವ ತೆಪ್ಪ, ಕೃಷ್ಣೆಯ ನಡುಗಡ್ಡೆಗಳ ಜನರಿಗೆ ಸಂತೆಗೂ ಆಸ್ಪತ್ರೆಗೂ ಹೋಗುವ ದಾರಿ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ನಡುಗಡ್ಡೆಯೊಂದರಿಂದ ಸಾಮಾನು ತರಲು ಹೋಗಿದ್ದವರ ತೆಪ್ಪ ತುಂಬಿದ ಹೊಳೆಯಲ್ಲಿ ಮಗುಚಿ ನಾಲ್ವರು ಕೊಚ್ಚಿಹೋದರು. ಅಲ್ಲಿಯವರು ಕೇಳುವುದು ಸೇತುವೆ. ತೇಲುವುದರಲ್ಲಿ ಸುಖವಿದೆ ಎಂಬ ಮಾತು ದಾಟಲೇಬೇಕಾದ ಹಂಗಿಲ್ಲದವರ ಬಾಯಲ್ಲಿ ಮಾತ್ರ ಚೆಂದ.

ಮಡಿವಾಳನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 50ನೇ ಅಧ್ಯಾಯದಲ್ಲಿ ಅವನು ಬೀದರಿನ ಸುಲ್ತಾನ. ತೊಡೆಯ ಮೇಲೆ ಹುಣ್ಣು, ಯಾವ ವೈದ್ಯಕ್ಕೂ ಬಗ್ಗದು. ಗಾಣಗಾಪುರದಲ್ಲಿ ನೃಸಿಂಹ ಸರಸ್ವತಿಯಾಗಿ ಮತ್ತೆ ಅವತರಿಸಿದ್ದ ಗುರು ಅವನನ್ನು ಕಂಡೊಡನೆ ಮಡಿವಾಳನೆಂದೇ ಕರೆದು, ಇಷ್ಟು ದಿನ ಎಲ್ಲಿದ್ದೆ ಎಂದು ವಿಚಾರಿಸಿದರು. ಸುಲ್ತಾನನಿಗೆ ಹೊಳೆ, ಬಟ್ಟೆ, ದೋಣಿ ಎಲ್ಲ ನೆನಪಾಯಿತು, ಹುಣ್ಣು ಮಾಯವಾಯಿತು. ಬೀದರಿಗೆ ಕರೆದೊಯ್ದು ಸತ್ಕರಿಸಿದವನಿಗೆ ಗುರು, ರಾಜ್ಯವನ್ನು ಮಕ್ಕಳಿಗೆ ಒಪ್ಪಿಸಿ ಶ್ರೀಶೈಲಕ್ಕೆ ಬಾ ಎಂದರು.

ಶ್ರೀಶೈಲ ಇರುವುದೂ ಕುರುವಪುರದ ಕೆಳಗೆ, ಇದೇ ಕೃಷ್ಣೆಯ ದಂಡೆಯಲ್ಲಿ. ಮುಂದಿನ ಅಧ್ಯಾಯದಲ್ಲಿ ಶಿಷ್ಯರು ಅಲ್ಲಿ ಬಾಳೆ ಎಲೆಯ ಮೇಲೆ ಹೂ ಜೋಡಿಸಿ ಆಸನ ಕಟ್ಟಿ ನೀರಿಗೆ ಬಿಡುತ್ತಾರೆ. ಗುರು ಅದರ ಮೇಲೆ ಕುಳಿತು ಹೊರಟುಹೋಗುತ್ತಾರೆ, ಹುಟ್ಟು ಹಾಕುವವರು ಯಾರೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ಹೂ ತೇಲಿಕೊಂಡು ಶಿಷ್ಯರು ನಿಂತ ದಡಕ್ಕೆ ಬರುತ್ತವೆ.