ಕಳಿಸಿಕೊಡುವ ಬಗೆ

ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಧರ್ಮಗ್ರಂಥದ ಓದು, ಜೊತೆಗಾರನೊಂದಿಗೆ ಪಾಠ, ಹೋದ ಊರಿನ ಭಾಷೆಯ ಅಭ್ಯಾಸ. ಹೊತ್ತು ಏರುವಷ್ಟರಲ್ಲಿ ಬಿಳಿ ಅಂಗಿ, ಟೈ ತೊಟ್ಟು, ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ ಸಿಕ್ಕಿಸಿಕೊಂಡು ಬೀದಿಗಿಳಿಯಬೇಕು. ರಾತ್ರಿ ಮರಳಿ ಬಂದು, ನಾಳೆ ಯಾರನ್ನು ಕಾಣಬೇಕೆಂದು ಬರೆದಿಟ್ಟು, ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಪ್ರೇಮ ಪ್ರಣಯ ಇಲ್ಲ, ನೆನಪಾದಾಗ ಊರಿಗೆ ಹೋಗಿ ಬರುವಂತಿಲ್ಲ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ ಇದೇ ದಿನಚರಿ.

ಲೋಕ ಮಾರ್ಮನ್ ಎಂದು ಕರೆಯುವ ಕ್ರೈಸ್ತ ಪಂಥದ ಯುವಕರು ಹೀಗೆ ಬದುಕುತ್ತಾರೆ. ಪಂಥದ ಪೂರ್ಣ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’. ತಮ್ಮನ್ನು ಆ ಹೆಸರಿನಿಂದಲೇ ಕರೆಯಿರಿ ಎಂದು 2018ರಲ್ಲಿ ಅವರ ಹಿರಿಯರು ಕೇಳಿಕೊಂಡರು. 2012ರ ಅಕ್ಟೋಬರ್‌ವರೆಗೆ ಹುಡುಗರು ಹತ್ತೊಂಬತ್ತು ತುಂಬಿದ ಮೇಲೆ ಹೊರಡುತ್ತಿದ್ದರು, ಆಗ ಅದನ್ನು ಹದಿನೆಂಟಕ್ಕೆ ಇಳಿಸಲಾಯಿತು. ಇಂದು ಜಗತ್ತಿನಾದ್ಯಂತ ಇಂಥ 70 ಸಾವಿರಕ್ಕೂ ಹೆಚ್ಚು ಮಂದಿ ಊರು ಬಿಟ್ಟು ಧರ್ಮಪ್ರಚಾರದ ಸೇವೆಯಲ್ಲಿದ್ದಾರೆ. ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವ ಹಾಗಿಲ್ಲ. ಆದೇಶ ಬಂದ ದಿನ ಮನೆಮಂದಿಯೆಲ್ಲ ಸುತ್ತ ಕೂತು ಅದನ್ನು ಓದಿಸುತ್ತಾರೆ, ಬ್ರೆಜಿಲ್ ಬಂತೋ ಬೆಂಗಳೂರು ಬಂತೋ ಎಂದು ಆಗಲೇ ತಿಳಿಯುವುದು. ಸಂಬಳವೂ ಇಲ್ಲ. ಖರ್ಚಿಗೆ ಹುಡುಗ ತಾನು ಕೂಡಿಟ್ಟದ್ದನ್ನೋ ಅಪ್ಪ ಅಮ್ಮನ ಹಣವನ್ನೋ ಕಟ್ಟಬೇಕು. ಅಮೆರಿಕದವನಾದರೆ 2020ರಿಂದ ತಿಂಗಳಿಗೆ 500 ಡಾಲರ್.

ಅವರ ನಂಬಿಕೆ ನನ್ನದಲ್ಲ. ಹದಿನೆಂಟರ ಹುಡುಗನಿಗೆ ಇನ್ನೊಬ್ಬರ ಮೋಕ್ಷದ ದಾರಿ ಇಷ್ಟು ಖಚಿತವಾಗಿ ಗೊತ್ತಿರಲು ಸಾಧ್ಯವೇ ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಇದೆ. ಆದರೆ ಒಂದು ಮಗುವನ್ನು ಪರ ಊರಿಗೆ ಕಳಿಸಿಕೊಡುವ ಅವರ ಬಗೆ ನನ್ನನ್ನು ಹಿಡಿದು ನಿಲ್ಲಿಸಿದೆ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ಮಕ್ಕಳೂ ಅದೇ ವಯಸ್ಸಿಗೆ ಊರು ಬಿಡುತ್ತಾರೆ. ಹೋಗುವ ಕಾರಣ ಬೇರೆ, ಆದರೆ ಮೊದಲ ರಾತ್ರಿ ಪರಸ್ಥಳದಲ್ಲಿ ನಿದ್ದೆ ಬಾರದೆ ಮಲಗಿದವನ ಎದೆಯೊಳಗಿನ ಭಾರ ಬೇರೆಯಲ್ಲ.

ಈ ಪಂಥ ನಮಗೆ ತೀರ ದೂರದ್ದೂ ಅಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಸರಕಾರ ಹಾಕಿಸಿದ ರೈಲುಮಾರ್ಗ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರಿನ ಕಡೆ ಹೋಗುತ್ತದಲ್ಲ, ಅದರ ಆ ಕೊನೆಯಲ್ಲಿ ಅವರ ದೊಡ್ಡ ನೆಲೆಯಿದೆ. ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದ ಎಡ್ವಿನ್ ಧರ್ಮರಾಜು ಎಂಬ ತೆಲುಗರು, ಪತ್ನಿ ಎಲ್ಸಿಯವರೊಂದಿಗೆ ಅಲ್ಲಿಯೇ ಈ ಪಂಥ ಸೇರಿದ್ದರು. 1978ರ ಡಿಸೆಂಬರ್‌ನಲ್ಲಿ ಆ ದಂಪತಿ ಹೈದರಾಬಾದಿಗೆ ಬಂದು ತಮ್ಮ ಬಂಧುಬಳಗಕ್ಕೇ ಮೊದಲು ವಿಷಯ ತಿಳಿಸಿದರು. ಪರದೇಶದಿಂದ ಬಂದವರಾದರೂ ಅವರು ಕೂತು ಮಾತಾಡಿದ್ದು ಸ್ವಂತ ಮಂದಿಯ ನಡುವೆ, ಮನೆಮಾತಿನಲ್ಲಿ. ಬೇರು ಹಿಡಿದದ್ದು ಅದರಿಂದಲೇ ಎಂದು ನನಗನಿಸುತ್ತದೆ. 1993ರಲ್ಲಿ ಬೆಂಗಳೂರು ಅವರ ಭಾರತದ ಮಿಷನ್ನಿನ ಕೇಂದ್ರವಾಯಿತು. ಮೊದಲ ಅಧ್ಯಕ್ಷರಾಗಿ ಬಂದವರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಗಣಿತ ಕಲಿಸುತ್ತಿದ್ದ ಗುರಚರಣ್ ಸಿಂಗ್ ಗಿಲ್. 2018ರಲ್ಲಿ ಬೆಂಗಳೂರಿಗೆ ಒಂದು ದೊಡ್ಡ ಮಂದಿರವನ್ನೂ ಘೋಷಿಸಿದರು. ಈಗ ಎದೆಗೆ ಆ ಕಪ್ಪು ಪಟ್ಟಿ ಹಾಕಿಕೊಂಡು ನಮ್ಮ ನಗರಗಳಲ್ಲಿ ನಡೆಯುವವರಲ್ಲಿ ಎಷ್ಟೋ ಜನ ಭಾರತದ ಹುಡುಗ ಹುಡುಗಿಯರೇ.

ಅದಕ್ಕೂ ಬಹಳ ಮೊದಲಿನ ಒಂದು ಯತ್ನ ಹೀಗೆ ಕೈಗೂಡಲಿಲ್ಲ. ಅಮೆರಿಕದ ಯೂಟಾದಿಂದ ಹೊರಟ ಹದಿಮೂರು ಮಂದಿ 1853ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ಸಂಗಡಿಗರು ಮದ್ರಾಸಿಗೆ ಹೋದರು. ಜೇಬಿನಲ್ಲಿ ಹಣವಿಲ್ಲದೆ, ಊರವರ ದಯೆಯನ್ನೇ ನಂಬಿ ಬಂದವರು ಅವರು. ಕಷ್ಟಪಟ್ಟದ್ದು ನಿಜ, ಆದರೆ ಇಲ್ಲಿಯ ಭಾಷೆ ಹೆಚ್ಚಿನವರಿಗೆ ಒಲಿಯಲಿಲ್ಲ. ಮಾತು ನಡೆದದ್ದೆಲ್ಲ ಬಹುತೇಕ ಬ್ರಿಟಿಷ್ ಸೈನಿಕರ, ಅಧಿಕಾರಿಗಳ ಜೊತೆ. ವರ್ಷ ಕಳೆಯುವಷ್ಟರಲ್ಲಿ ಬ್ಯಾಲಂಟೈನ್ ಹಿಂದಿರುಗಿದರು. 1856ರ ವೇಳೆಗೆ ಉಳಿದವರೂ ಹೋದರು.

ಅದೇ 1853ರಲ್ಲಿ ಇನ್ನೊಬ್ಬ ಹುಡುಗ ನಮ್ಮ ನಾಡಿಗೆ ಬಂದಿಳಿದಿದ್ದ. ಬಾಸೆಲ್ ಮಿಷನ್ನಿನವನು, ಜರ್ಮನಿಯ ಉತ್ತರದ ಕಡಲ ಸೀಮೆಯವನು, ವಯಸ್ಸು ಇಪ್ಪತ್ತೊಂದು. ಫರ್ಡಿನಂಡ್ ಕಿಟೆಲ್. ಧರ್ಮಪ್ರಚಾರಕ್ಕೆಂದೇ ಬಂದ ಅವರು ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣದಲ್ಲಿ, ನಾಗವರ್ಮನ ಛಂದೋಂಬುಧಿಯಲ್ಲಿ ಮುಳುಗಿ, ಎರಡನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಮಂಗಳೂರಿನಿಂದ ಅವರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂದಾಗ ಅವರಿಗೆ ಅರವತ್ತೆರಡು. ಸುಮಾರು 70 ಸಾವಿರ ಪದಗಳು. ಎಷ್ಟು ಜನರನ್ನು ಕ್ರಿಸ್ತನ ಕಡೆಗೆ ತಂದರೆಂಬ ಲೆಕ್ಕ ಇಂದು ಯಾರಿಗೂ ಬೇಕಿಲ್ಲ, ನಿಘಂಟು ಮಾತ್ರ ಕನ್ನಡ ಓದುವವರ ಕೈಯಲ್ಲಿ ಇಂದಿಗೂ ಇದೆ. ಹೋದ ಊರಿನ ಭಾಷೆಯನ್ನು ಆ ಊರವರಿಗಿಂತ ಶ್ರದ್ಧೆಯಿಂದ ಕಲಿತವನನ್ನು ಊರು ಪರಕೀಯ ಎಂದು ದೂರ ಇಡುವುದಿಲ್ಲ. ಮಾರ್ಮನ್ ಹುಡುಗರಿಗೂ ಈಗ ಹೊರಡುವ ಮೊದಲು ಕೆಲವು ವಾರ ತರಬೇತಿ ಕೇಂದ್ರದಲ್ಲಿ ಕೂರಿಸಿ ಭಾಷೆ ಕಲಿಸುತ್ತಾರೆ. ಯೂಟಾದ ಪ್ರೊವೊ ನಗರದ ಆ ಕೇಂದ್ರದಲ್ಲಿ ಹತ್ತಾರು ಭಾಷೆಗಳ ತರಗತಿ ನಡೆಯುತ್ತವೆ. ಇದು ಅವರ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ.

ಭಾಷೆ ಬಂದರೂ ಹೊಸ್ತಿಲಲ್ಲಿ ಬೇರೆ ಪರೀಕ್ಷೆಗಳಿರುತ್ತವೆ. ಅವರಿಗೆ ಚಹಾ, ಕಾಫಿ, ಮದ್ಯ, ತಂಬಾಕು ನಿಷಿದ್ಧ. 1833ರಲ್ಲಿ ಬಂದ ನಿಯಮ ಅದು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರಿನ ತಂಬಿಗೆ, ಹಿಂದೆಯೇ ಚಾ. ಶಹಾಬಾದಿನ ಕಲ್ಲುಗಣಿಯ ಕೂಲಿಕಾರನ ಮನೆಯಾದರೂ ಸರಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸ್ ಆದರೂ ಸರಿ, ‘ಬಿಸಲಾಗ ಬಂದೀರಿ, ಚಾ ಕುಡೀರಿ’ ಅನ್ನದೆ ಕಳಿಸುವುದಿಲ್ಲ. ಬೇಡವೆಂದರೆ ಆ ಮನೆಯ ತಾಯಿಗೆ ಎಲ್ಲೋ ಒಂದು ಕಡೆ ಚುಚ್ಚುತ್ತದೆ. ನಮ್ಮನೆ ನೀರು ಇವರಿಗೆ ಸೇರುವುದಿಲ್ಲವೇನೋ ಎಂದುಕೊಳ್ಳುತ್ತಾಳೆ. ಜಾತಿಯ ಕಾರಣಕ್ಕೆ ಬೇಡ ಎನ್ನಿಸಿಕೊಂಡು ನೊಂದವರು ತುಂಬಿರುವ ಸೀಮೆ ಇದು. ಒಬ್ಬ ಪರದೇಶಿ ಹುಡುಗ ಇಲ್ಲಿ ಚಾ ಬೇಡ ಎನ್ನಬೇಕಾದರೆ ಅದು ತನ್ನ ವ್ರತ, ಆ ಮನೆಯ ಕೊರತೆಯಲ್ಲ ಎಂದು ತಿಳಿಸಿ ಹೇಳುವಷ್ಟು ನಮ್ಮ ಮಾತು, ನಮ್ಮ ಮನಸ್ಸು ಕಲಿತಿರಬೇಕು. ಹೇಳಿದರೆ ಆಕೆ ಹಾಲು ಕೊಡುತ್ತಾಳೆ, ಮಜ್ಜಿಗೆ ಕೊಡುತ್ತಾಳೆ, ಮಧ್ಯಾಹ್ನವಾಗಿದ್ದರೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತಾಳೆ. ತನ್ನ ದೇವರನ್ನು ಬಿಡುವುದಿಲ್ಲ, ಬಂದವನನ್ನು ಹಸಿದು ಕಳಿಸುವುದೂ ಇಲ್ಲ.

ಬೇರೆಯವರ ಹೊಸ್ತಿಲಲ್ಲಿ ನಿಂತು ಹೇಗೆ ಮಾತಾಡಬೇಕೆಂಬ ಪಾಠ ನಮ್ಮ ನೆಲದಲ್ಲಿ ಕಲ್ಲಿನ ಮೇಲೆಯೇ ಕೊರೆದಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಭೀಮಾ ತೀರ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಒಂದು ಚಪ್ಪಡಿ, 1980ರ ದಶಕದಲ್ಲಿ ಗುಡಿಯ ಛಾವಣಿ ಕುಸಿದ ಮೇಲೆ ಬೆಳಕಿಗೆ ಬಂತು. ನೋಡಿದರೆ ಅಶೋಕನ ಶಾಸನ. ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದು ಎಷ್ಟೋ ಅಕ್ಷರ ಹೋಗಿವೆ. ಉಳಿದದ್ದರಲ್ಲಿ ಅವನ ಹನ್ನೆರಡನೆಯ ಬಂಡೆಶಾಸನದ ಭಾಗವೂ ಇದೆ. ಎಲ್ಲ ಪಂಥಗಳನ್ನೂ ಗೌರವಿಸಬೇಕು, ಅದಕ್ಕೆ ಮೂಲ ನಾಲಿಗೆಯ ಹಿಡಿತ ಎಂಬುದು ಆ ಶಾಸನದ ತಾತ್ಪರ್ಯ. ತನ್ನ ಪಂಥವನ್ನು ಮೆರೆಸಲು ಇನ್ನೊಂದನ್ನು ಹಳಿಯುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಎಂದು ಅಶೋಕ ಬರೆಸಿದ. ಇದನ್ನು ಹೇಳಿದವನು ಸ್ವತಃ ಧರ್ಮಪ್ರಚಾರಕ್ಕೆ ಜನರನ್ನು ಕಳಿಸಿದ ದೊರೆ ಎಂಬುದನ್ನು ಮರೆಯಬಾರದು. ಅವನ ಕಾಲದಲ್ಲಿ ಬನವಾಸಿಗೆ ರಕ್ಖಿತನೆಂಬ ಭಿಕ್ಷು, ಮಹಿಷಮಂಡಲಕ್ಕೆ ಮಹಾದೇವನೆಂಬ ಭಿಕ್ಷು ಹೋದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಸನ್ನತಿಯ ಮಗ್ಗುಲಿಗೇ ಇರುವ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅವನ ಶಿಲ್ಪವೂ ಸಿಕ್ಕಿತು. ಯಾರೋ ತರುಣ ಭಿಕ್ಷುಗಳು ದೂರದಿಂದ ನಡೆದು ಬಂದು, ಈ ಸುಣ್ಣಕಲ್ಲಿನ ಸೀಮೆಯಲ್ಲಿ ಭಿಕ್ಷಾಪಾತ್ರೆ ಹಿಡಿದು ಮನೆ ಮುಂದೆ ನಿಂತಿರದಿದ್ದರೆ ಆ ಸ್ತೂಪ ಏಳುತ್ತಿರಲಿಲ್ಲ.

ಬುದ್ಧ ತನ್ನ ಮೊದಲ ಅರವತ್ತು ಶಿಷ್ಯರನ್ನು ಕಳಿಸುವಾಗ ಒಂದೇ ದಾರಿಯಲ್ಲಿ ಇಬ್ಬರು ಹೋಗಬೇಡಿ ಎಂದನಂತೆ. ಹೆಚ್ಚು ಊರು ತಲುಪಬೇಕೆಂಬ ಕರುಣೆ ಅದರಲ್ಲಿದೆ. ಯೇಸು ತನ್ನ ಹನ್ನೆರಡು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ. ಮಾರ್ಮನ್ನರು ಹಿಡಿದಿರುವುದು ಆ ಎರಡನೆಯ ದಾರಿ, ಅದೂ ಬಹಳ ಕಟ್ಟುನಿಟ್ಟಾಗಿ. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಸದಾ ಇರಬೇಕು. ಅವನನ್ನೂ ಹುಡುಗ ಆರಿಸಿಕೊಳ್ಳುವುದಿಲ್ಲ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸರದಿ ಬರುತ್ತದೆ, ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು. ಅರಹಂತರಾದ ಶಿಷ್ಯರು ಒಂಟಿಯಾಗಿ ನಡೆಯಬಲ್ಲರು. ಹದಿನೆಂಟರ ಹುಡುಗನಿಗೆ ಪಕ್ಕದಲ್ಲಿ ಒಬ್ಬ ಬೇಕು. ಜ್ವರ ಬಂದ ರಾತ್ರಿ ನೀರು ಕೊಡಲು, ಬಾಗಿಲು ಮುಖಕ್ಕೆ ಹಾಕಿಸಿಕೊಂಡ ಮಧ್ಯಾಹ್ನ ಮುಂದಿನ ಮನೆಗೆ ಹೆಜ್ಜೆ ಇಡಿಸಲು ಒಬ್ಬ.

ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಂತೆ ಮಾಡಲು, ಮನೆಗೆ ಬರೆಯಲು ಬಿಡುವು. 2019ರ ಫೆಬ್ರುವರಿವರೆಗೆ ಅಮ್ಮನ ದನಿ ಕೇಳಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಅದು ಕಠಿಣವಾಯಿತೆಂದು ಹಿರಿಯರಿಗೇ ಅನಿಸಿರಬೇಕು. ಈಗ ವಾರಕ್ಕೊಮ್ಮೆ ಮಾತಾಡಬಹುದು. ಅವಧಿಗೆ ಮೊದಲೇ ಮನೆಗೆ ಮರಳಿದ ಹುಡುಗರನ್ನು ಸೋತವರೆಂದು ಊರು ನೋಡುವ ನೋಟ ಅವರಲ್ಲಿಯೂ ಇದೆ. ಅದು ಆ ಸಮಾಜದ ನೋವಿನ ಜಾಗ. ಅಲ್ಲಿ ಅವರು ಇನ್ನೂ ಮೃದುವಾಗಬೇಕು.

ಈಗ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಬನ್ನಿ. ಮುಂಬೈ, ಪುಣೆಯ ಗಾಡಿ, ಹೈದರಾಬಾದಿನ ಗಾಡಿ, ಬೆಂಗಳೂರಿನ ಗಾಡಿ. ಜನರಲ್ ಬೋಗಿಯ ಬಾಗಿಲಲ್ಲಿ ನಿಂತ ಹುಡುಗರಲ್ಲಿ ಹತ್ತನೇ ತರಗತಿಗೆ ಬಿಟ್ಟವರಿದ್ದಾರೆ, ಐಟಿಐ ಮುಗಿಸಿದವರಿದ್ದಾರೆ, ಚಿಂಚೋಳಿಯ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಗುಳೆ ಹೋಗುವವರಿದ್ದಾರೆ. ತೊಗರಿ ಕೈಕೊಟ್ಟ ವರ್ಷ ಇನ್ನೂ ಹೆಚ್ಚು. ಇವರಿಗೆ ಹೋಗುವ ಊರಿನ ಭಾಷೆಯನ್ನು ಯಾರೂ ಒಂದು ದಿನ ಕಲಿಸಿಲ್ಲ. ಅಲ್ಲಿ ತಿಂಗಳ ಕೂಲಿ ಕೊಡದಿದ್ದರೆ ಯಾರನ್ನು ಕೇಳಬೇಕೆಂದು ಹೇಳಿಲ್ಲ. ಕೈಯಲ್ಲಿ ಮೊಬೈಲ್ ಇದೆ, ಆದರೆ ನಿಗದಿಯಾದ ಒಂದು ಹೊತ್ತು ಇಲ್ಲ. ತಾಯಿ ಫೋನ್ ಮಾಡಿದಾಗ ಹುಡುಗ ಕೆಲಸದಲ್ಲಿರುತ್ತಾನೆ, ಹುಡುಗ ಮಾಡಿದಾಗ ಆಕೆ ಹೊಲದಲ್ಲಿರುತ್ತಾಳೆ. ಸಿಕ್ಕಾಗ ‘ಉಂಡಿಯೇನಪ್ಪಾ’ ಎಂದು ಆಕೆ ಕೇಳುತ್ತಾಳೆ, ‘ಹೂಂ’ ಎಂದು ಅವನು ಹೇಳುತ್ತಾನೆ, ಅಷ್ಟಕ್ಕೇ ಮುಗಿಯುತ್ತದೆ. ಅವನು ಸೋತು ಬಂದರೆ ನಾವೂ ಕಟ್ಟೆಯ ಮೇಲೆ ಕೂತು ಅದೇ ನೋಟದಿಂದ ನೋಡುತ್ತೇವೆ.

ಒಂದು ಧರ್ಮದವರು ತಮ್ಮ ಮಾತನ್ನು ಮುಟ್ಟಿಸಲು ಇಷ್ಟು ಜತನದಿಂದ ಮಕ್ಕಳನ್ನು ಕಳಿಸುತ್ತಾರೆ. ಹೊಟ್ಟೆಪಾಡಿಗೆ ಹೋಗುವ ನಮ್ಮ ಮಕ್ಕಳಿಗೆ ಅದರ ಕಾಲುಭಾಗದ ಜತನವೂ ಇಲ್ಲವಲ್ಲ ಎಂಬುದು ನನ್ನ ಸಂಕಟ. ಇದಕ್ಕೆ ದೊಡ್ಡ ಯೋಜನೆ, ದೊಡ್ಡ ದುಡ್ಡು ಬೇಕಿಲ್ಲ. ಊರಿನಿಂದ ಯಾರೂ ಒಬ್ಬರೇ ಹೊರಡದಂತೆ, ಇಬ್ಬರನ್ನಾದರೂ ಜೋಡಿ ಮಾಡಿ ಒಂದೇ ಕೋಣೆಗೆ ಕಳಿಸಬಹುದು. ಮೊದಲೇ ಅಲ್ಲಿ ನೆಲೆಸಿದ ನಮ್ಮ ಕಡೆಯ ಹಿರಿಯರೊಬ್ಬರು ವಾರಕ್ಕೊಮ್ಮೆ ಆ ಹುಡುಗರನ್ನು ಕಂಡು ಬರಬಹುದು. ಪುಣೆಯಲ್ಲಿ, ಹೈದರಾಬಾದಿನಲ್ಲಿ ಅಂಥವರಿಗೆ ಬರವಿಲ್ಲ. ಊರಿನ ಶಾಲೆಯಲ್ಲಿ ಹಿಂದಿ, ಮರಾಠಿ, ತೆಲುಗು ಬಲ್ಲ ಮಾಸ್ತರರು ಇದ್ದೇ ಇರುತ್ತಾರೆ, ಇದು ಗಡಿಸೀಮೆ. ಹೊರಡುವವರನ್ನು ಕೆಲವು ಸಂಜೆ ಕೂರಿಸಿಕೊಂಡು ಬಸ್ಸಿನ, ಆಸ್ಪತ್ರೆಯ, ಕೂಲಿ ಲೆಕ್ಕದ, ಪೊಲೀಸ್ ಠಾಣೆಯ ಮಾತುಗಳನ್ನು ಅವರು ಹೇಳಿಕೊಡಬಹುದು. ಕಾರ್ಮಿಕರ ಕಾರ್ಡು, ಬ್ಯಾಂಕಿನ ಪುಸ್ತಕ ಸರಿಯಾಗಿವೆಯೇ ಎಂದು ಪಂಚಾಯಿತಿಯವರು ಒಮ್ಮೆ ನೋಡಿ ಕಳಿಸಬಹುದು. ಮನೆಯಲ್ಲಿ ರವಿವಾರ ರಾತ್ರಿ ಎಂಟಕ್ಕೆ ಫೋನು ಎಂದು ಗೊತ್ತು ಮಾಡಿದರೆ ಆ ಹೊತ್ತಿಗೆ ತಾಯಿ ಒಲೆ ಬಿಟ್ಟು ಕೂರುತ್ತಾಳೆ, ಹುಡುಗ ಕೋಣೆಯ ಹೊರಗೆ ಬಂದು ನಿಲ್ಲುತ್ತಾನೆ.

ಪರೀಕ್ಷೆಯ ಫಲಿತಾಂಶ ಬಂದ ಮರುವಾರದಿಂದ ಹುಡುಗರು ಹೊರಡಲು ಶುರುಮಾಡುತ್ತಾರೆ, ರಾಶಿ ಮುಗಿದ ಮೇಲೆ ತಾಂಡಾಗಳೂ ಖಾಲಿಯಾಗುತ್ತವೆ. ಪ್ರತಿ ಊರಿನ ಶಾಲೆಯಲ್ಲೋ ಗುಡಿಯಲ್ಲೋ ದರ್ಗಾದಲ್ಲೋ ಚರ್ಚಿನಲ್ಲೋ ಯಾರಾದರೂ ಒಬ್ಬರು ಈ ವರ್ಷ ಒಂದು ವಹಿ ತೆರೆಯಲಿ. ಯಾರು ಹೋದರು, ಎಲ್ಲಿಗೆ, ಯಾರ ಜೊತೆ, ಅಲ್ಲಿ ನೋಡಿಕೊಳ್ಳುವವರು ಯಾರು, ಅವರ ಫೋನ್ ನಂಬರ್ ಏನು ಎಂದು ಬರೆದಿಡಲಿ.