ಮರೆವು ಯಾರ ತಪ್ಪು?

ರಮಝಾನ್ ರಾತ್ರಿಯ ತರಾವೀಹ್ ನಮಾಝ್‌ನಲ್ಲಿ ಈ ದೃಶ್ಯವನ್ನು ನೀವು ಕಂಡಿರಬಹುದು. ಕುರ್‌ಆನ್ ಪೂರ್ತಿ ಕಂಠಪಾಠವಿರುವ ಹಾಫಿಝ್ ಒಂದೆಡೆ ತಡವರಿಸುತ್ತಾರೆ. ಹಿಂದೆ ನಿಂತಿರುವ ಇನ್ನೊಬ್ಬ ಹಾಫಿಝ್ ಮುಂದಿನ ಪದ ಹೇಳಿಕೊಡುತ್ತಾರೆ. ಪಾರಾಯಣ ಮುಂದುವರಿಯುತ್ತದೆ. ಯಾರೂ ನಗುವುದಿಲ್ಲ. ಮರೆವು ಬಂದೇ ಬರುತ್ತದೆಂದು ಮೊದಲೇ ಏರ್ಪಾಡು ಮಾಡಿಕೊಂಡ ಪರಂಪರೆಯಿದು. ಮರೆತು ಉಂಡ ಉಪವಾಸಿಗನಿಗೂ ಉಪವಾಸ ಪೂರ್ತಿಗೊಳಿಸಲು ಪ್ರವಾದಿ(ಸ) ಹೇಳಿದ್ದಾರೆ.

ಹಾಗಾದರೆ ಮರೆತವನ ಮೇಲೆ ಯಾವ ಹೊಣೆಯೂ ಇಲ್ಲವೇ? ಇದೆ. ಕುರ್‌ಆನ್ ಕಲಿತವನನ್ನು ಅದೇ ಪ್ರವಾದಿಯವರು(ಸ) ಕಟ್ಟಿಹಾಕಿದ ಒಂಟೆಗಳ ಒಡೆಯನಿಗೆ ಹೋಲಿಸಿದ್ದಾರೆ. ನಿಗಾ ಇಟ್ಟರೆ ಉಳಿಯುತ್ತವೆ, ಬಿಟ್ಟರೆ ಹೊರಟುಹೋಗುತ್ತವೆ. ಆದ್ದರಿಂದಲೇ ಹಿಫ್ಝ್ ವಿದ್ಯಾರ್ಥಿ ದಿನದ ಹೊಸ ಪಾಠದ ಜೊತೆಗೆ ಹಳೆಯದನ್ನೂ ಉಸ್ತಾದರಿಗೆ ಒಪ್ಪಿಸಬೇಕು. ಒಪ್ಪಿಸುವುದೆಂದರೆ ಗ್ರಂಥ ಮುಚ್ಚಿ ಹೇಳುವುದು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಉರು ಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿಯುವುದೇ ಲಾಭವೆಂದೂ ಅವರು ಕಂಡುಕೊಂಡರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ, ಪುಟ ನೋಡದೆ ನೆನಪಿಸಿಕೊಂಡು ಬರೆದಿದ್ದವರೇ ಮುಂದಾದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವುವ ನಮ್ಮ ಮಕ್ಕಳು ಮೋಸಹೋಗುವುದು ಇಲ್ಲಿಯೇ. ಕಣ್ಣಿಗೆ ಪರಿಚಿತವಾದುದೆಲ್ಲ ಕಲಿತದ್ದೆಂದು ಅವರು ನಂಬುತ್ತಾರೆ.

ಮಕ್ಕಳನ್ನಷ್ಟೇ ಏಕೆ ದೂರಬೇಕು? ತನಗೆ ನೆನಪಿನ ಶಕ್ತಿಯೇ ಕಡಿಮೆ ಎನ್ನುವ ಹಿರಿಯರೂ ಇಪ್ಪತ್ತು ವರ್ಷದ ಹಿಂದೆ ಮದುವೆಮನೆಯಲ್ಲಾದ ಅವಮಾನವನ್ನು, ಯಾರು ಎಲ್ಲಿ ಕುಳಿತಿದ್ದರೆಂಬುದರ ಸಹಿತ ಹೇಳಬಲ್ಲರು. ನೋವು ತಾನಾಗಿಯೇ ಆಳಕ್ಕೆ ಇಳಿಯುತ್ತದೆ, ನಿಜ. (ರೋಗದಿಂದ ನೆನಪು ಕಳೆದುಕೊಂಡವರ ಮಾತು ಬೇರೆ.) ಆದರೆ ಈ ಪಾಠವನ್ನು ಅವರು ಯಾವ ಉಸ್ತಾದರ ಒತ್ತಾಯವೂ ಇಲ್ಲದೆ ಹೆಂಡತಿಗೆ, ಮಕ್ಕಳಿಗೆ, ಬಂದ ನೆಂಟರಿಗೆ ಒಪ್ಪಿಸುತ್ತಲೇ ಬಂದಿದ್ದಾರೆ. ಅದೇ ವರ್ಷ, ಕಷ್ಟಕಾಲದಲ್ಲಿ ಕೇಳುವ ಮೊದಲೇ ಹಣ ತಂದುಕೊಟ್ಟ ನೆರೆಯವನ ವಿಷಯವನ್ನು ಒಮ್ಮೆ ಹೇಳಿ ಬಿಟ್ಟರು. ಈಗ ಆ ನೆರೆಯವನ ಮಗ ಪೇಟೆಯಲ್ಲಿ ಎದುರಾಗಿ ಸಲಾಂ ಹೇಳಿದರೆ, ಯಾರ ಮಗನಪ್ಪಾ ನೀನು ಎಂದು ಕೇಳುತ್ತಾರೆ.