ಬಾಗಿಲ ಸಂದಿನ ಕಣ್ಣು

ನಿಮ್ಮ ಮನೆಗೆ ಬಂದವರು ಹೊಸ್ತಿಲಾಚೆ ನಿಂತು ಸಲಾಮ್ ಹೇಳುತ್ತಾರೆ. ಒಳಗಿನಿಂದ ಅನುಮತಿ ಸಿಗದಿದ್ದರೆ ಮರಳಿ ಹೋಗುತ್ತಾರೆ. ಇದು ಪವಿತ್ರ ಕುರ್‌ಆನ್ ಅನ್ನೂರ್ ಅಧ್ಯಾಯದಲ್ಲಿ ಕಲಿಸಿದ ಶಿಷ್ಟಾಚಾರ. ಒಮ್ಮೆ ಪ್ರವಾದಿವರ್ಯರ(ಸ) ಮನೆಯ ಬಾಗಿಲ ಸಂದಿನಿಂದ ಒಬ್ಬಾತ ಇಣುಕಿದ. ಅವರ ಕೈಯಲ್ಲಿ ಆಗ ಬಾಚಣಿಗೆಯಿತ್ತು. ನೀನು ಇಣುಕುತ್ತಿರುವುದು ತಿಳಿದಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆನೆಂದು ಅವರು ಹೇಳಿದರು. ಅನುಮತಿಯ ನಿಯಮ ಬಂದುದೇ ಕಣ್ಣಿನ ಕಾರಣಕ್ಕೆ ಎಂದೂ ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ಈ ಹದೀಸನ್ನು ವರದಿ ಮಾಡಿದ್ದಾರೆ. ಕಾಲಿಟ್ಟರೆ ಮಾತ್ರ ಅತಿಕ್ರಮಣವಲ್ಲ, ಕಣ್ಣಿಟ್ಟರೂ ಅತಿಕ್ರಮಣವೇ.

ಈಗ ನಿಮ್ಮ ಜೇಬಿನಲ್ಲಿರುವ ಫೋನಿನ ಬಗ್ಗೆ ಯೋಚಿಸಿ. ನಮಾಝಿನ ವೇಳೆ ಮತ್ತು ಕಿಬ್ಲಾದ ದಿಕ್ಕು ತೋರಿಸುವ 'ಮುಸ್ಲಿಮ್ ಪ್ರೊ' ಎಂಬ ಆ್ಯಪನ್ನು ಜಗತ್ತಿನಲ್ಲಿ ಸುಮಾರು 9.8 ಕೋಟಿ ಬಾರಿ ಇಳಿಸಿಕೊಳ್ಳಲಾಗಿತ್ತು. ಬಳಕೆದಾರರು ಎಲ್ಲೆಲ್ಲಿದ್ದಾರೆಂಬ ಮಾಹಿತಿ ಅದರಿಂದ 'ಎಕ್ಸ್-ಮೋಡ್' ಎಂಬ ಅಮೆರಿಕನ್ ಕಂಪೆನಿಗೆ ಹೋಗುತ್ತಿತ್ತೆಂದೂ, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರೆಂದೂ 2020ರ ನವೆಂಬರಿನಲ್ಲಿ ಪತ್ರಕರ್ತರು ಬಯಲಿಗೆಳೆದರು. ಆ್ಯಪಿನವರು ಕೂಡಲೇ ಆ ನಂಟನ್ನು ಕಡಿದುಕೊಂಡರು. ನಮಾಝಿನ ವೇಳೆ ತಿಳಿಯಲು ಊರಿನ ಹೆಸರಿಷ್ಟೇ ಸಾಕು. ಮಸೀದಿಯ ಗೋಡೆಯಲ್ಲಿ ತೂಗುವ ವೇಳಾಪಟ್ಟಿ ನಿಮ್ಮ ವಿಳಾಸವನ್ನು ಎಂದಾದರೂ ಕೇಳಿದ್ದುಂಟೇ?

ನಾನು ಎಚ್ಚರಗೊಂಡದ್ದು ಇದನ್ನು ಓದಿಯಲ್ಲ, ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ. ತಂಗಿಯ ಮೆಹಂದಿಯ ರಾತ್ರಿ ಹೆಂಗಸರಷ್ಟೇ ಇದ್ದ ಕೋಣೆಯಲ್ಲಿ ತೆಗೆದ ಫೋಟೋಗಳು, ತಲೆವಸ್ತ್ರವಿಲ್ಲದವು, ಯಾರೂ ಕಳಿಸದೆಯೇ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ಕುಳಿತಿದ್ದವು. ಫೋನು ಕೊಂಡ ದಿನ ಒತ್ತಿದ ಒಂದು 'ಒಪ್ಪಿಗೆ'ಯೇ ಇದಕ್ಕೆ ಸಾಕಾಗಿತ್ತು. ಅನುಮತಿ ಕೇಳಿದ್ದರು ನಿಜ. ಆದರೆ ಯಾವ ಭಾಷೆಯಲ್ಲಿ, ಎಷ್ಟು ಪುಟಗಳಲ್ಲಿ!

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ನೀಡಿದೆ. ಅರ್ಜಿದಾರರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ತೀರ್ಪು ಬಂತೆಂದು ಮನೆಯ ಅಗುಳಿ ತಾನಾಗಿ ಬೀಳುವುದಿಲ್ಲವಷ್ಟೆ. ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡು ಎಂಬ ಹದೀಸನ್ನು ನಾನು ಮಕ್ಕಳಿಗೆ ಪಾಠ ಮಾಡುವವನು.

ಹಾಗಾಗಿ ಹಳೆಯದೊಂದು ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಹಾಕಿಸಿ, ಲಿನಕ್ಸ್ ಮತ್ತು ನೆಕ್ಸ್ಟ್‌ಕ್ಲೌಡ್ ಎಂಬ ಉಚಿತ ತಂತ್ರಾಂಶಗಳನ್ನು ತುಂಬಿಸಿ, ಕಪಾಟಿನ ಪಕ್ಕದಲ್ಲಿಟ್ಟೆ. ಮನೆಯವರ ಫೋನುಗಳ ಫೋಟೋಗಳೂ ಕಾಗದಪತ್ರಗಳೂ ಈಗ ಅಲ್ಲಿಗೇ ಬಂದು ಸೇರುತ್ತವೆ. ಇಂತಹ ಯಂತ್ರವನ್ನು ಹೋಮ್ ಸರ್ವರ್ ಎನ್ನುತ್ತಾರೆ. ಕರೆಂಟು ಹೋದರೆ ತೊಂದರೆಯಾಗದಿರಲು ಯುಪಿಎಸ್ ಬೇಕು. ಕಳ್ಳತನ ಅಥವಾ ಬೆಂಕಿಯಲ್ಲಿ ಎಲ್ಲವೂ ನಾಶವಾಗದಂತೆ ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಬೇಕು. ಇದನ್ನೆಲ್ಲ ಜೋಡಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ನನಗೋ ಒಳಗೊಳಗೇ ಹೆಮ್ಮೆ.

ತಂಗಿ ಅದನ್ನು ನೋಡಿ ಒಂದೇ ಮಾತು ಕೇಳಿದಳು. ಈ ಫೋಟೋಗಳು ಆ ಹುಡುಗನಿಗೆ ಕಾಣುತ್ತವೆಯೇ?

ನಾನು ನಿರುತ್ತರನಾದೆ. ಕಾಣುತ್ತವೆ ಎಂಬುದೇ ಸತ್ಯ. ಯಂತ್ರದ ಮುಖ್ಯ ಗುಪ್ತಪದ ಯಾರ ಬಳಿ ಇದೆಯೋ ಅವರು ಎಲ್ಲರ ಕಡತವನ್ನೂ ತೆರೆಯಬಲ್ಲರು. ಆ ಗುಪ್ತಪದ ಅವನ ಬಳಿಯೂ ಇತ್ತು, ನನ್ನ ಬಳಿಯೂ ಇತ್ತು. ದೂರದ ಕಂಪೆನಿಗೆ ಆಕೆ ಕೋಟ್ಯಂತರ ಗಿರಾಕಿಗಳಲ್ಲಿ ಒಬ್ಬಳು. ನಾವಾದರೋ ಆಕೆಯ ಹೆಸರು, ಮುಖ, ಅತ್ತೆಮನೆ ಎಲ್ಲವನ್ನೂ ಬಲ್ಲವರು. ಬಾಗಿಲ ಸಂದಿನಿಂದ ಇಣುಕಿದವನೂ ಮದೀನಾದ ಬೀದಿಯಲ್ಲೇ ನಡೆದು ಬಂದವನಲ್ಲವೇ?

ಹ. ಉಮರ್‌(ರ)ರ ಬಗ್ಗೆ ಒಂದು ಘಟನೆಯನ್ನು ಹೇಳಲಾಗುತ್ತದೆ. ರಾತ್ರಿ ಗಸ್ತಿನಲ್ಲಿ ಸಂಶಯ ಬಂದು ಒಂದು ಮನೆಯ ಗೋಡೆ ಹತ್ತಿ ಒಳಗಿಳಿದಾಗ, ಪಾಪದಲ್ಲಿ ಸಿಕ್ಕಿಬಿದ್ದ ಮನೆಯೊಡೆಯನೇ ಖಲೀಫರ ಮೂರು ತಪ್ಪುಗಳನ್ನು ಎಣಿಸಿದನಂತೆ: ಗೂಢಚರ್ಯೆ ನಡೆಸಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಖಲೀಫರು ಅದನ್ನು ಒಪ್ಪಿಕೊಂಡು ಹೊರಟುಹೋದರು. ಊರನ್ನೇ ಆಳುವವರಿಗೆ ಸಿಗದ ಅಧಿಕಾರ ಒಂದು ಕಂಪ್ಯೂಟರಿನ ಯಜಮಾನನಾದ ನನಗೆ ಎಲ್ಲಿಂದ ಬಂತು? ಮಗನ, ಮಗಳ ಕಡತಗಳನ್ನು ತೆರೆದು ನೋಡುವುದು ತಂದೆಯ ಹೊಣೆಯಲ್ಲವೇ ಎಂದು ನೀವು ಕೇಳಬಹುದು. ಎಳೆಯ ಮಗುವಿನ ವಿಷಯದಲ್ಲಿ ಹೌದು. ಪ್ರಾಯಕ್ಕೆ ಬಂದವರಲ್ಲಿ ಸಂಶಯವಿದ್ದರೆ ಎದುರು ಕೂರಿಸಿ ಕೇಳಿ. ಅವರು ಮಲಗಿದ ಮೇಲೆ ತೆರೆದು ನೋಡುವುದಕ್ಕೆ ಅಲ್ ಹುಜುರಾತ್ ಅಧ್ಯಾಯ ಇಟ್ಟ ಹೆಸರು ಬೇರೆ. ಒಬ್ಬಾತ ಆಚೀಚೆ ನೋಡಿ ಹೇಳಿದ ಮಾತೂ ಅಮಾನತ್ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಿಮ್ಮ ಫೋನಿನಲ್ಲಿ ಹಾಗೆ ಹೇಳಲ್ಪಟ್ಟ ಮಾತುಗಳು ಎಷ್ಟಿಲ್ಲ!

ಆ ವಾರವೇ ಮುಖ್ಯ ಗುಪ್ತಪದವನ್ನು ಬದಲಾಯಿಸಿದೆ. ಹುಡುಗನಿಗೆ ಕಾರಣ ಹೇಳಿದಾಗ ಅವನು ಬೇಸರಿಸಲಿಲ್ಲ. ಕಡತಗಳನ್ನು ಫೋನಿನಲ್ಲೇ ಬೀಗ ಹಾಕಿ ಕಳಿಸುವ ಕ್ರಮವೊಂದು ನೆಕ್ಸ್ಟ್‌ಕ್ಲೌಡ್‌ನಲ್ಲಿದೆಯೆಂದು ಅವನೇ ತೋರಿಸಿಕೊಟ್ಟ. ಹಾಗೆ ಮಾಡಿದರೆ ಯಂತ್ರದ ಯಜಮಾನನಿಗೂ ಅವು ತೆರೆಯುವುದಿಲ್ಲ. ಆದರೆ ಬೀಗದ ಕೈಯಾಗಿ ಕೊಡುವ 12 ಪದಗಳನ್ನು ಬರೆದಿಟ್ಟುಕೊಳ್ಳದೆ ಫೋನು ಕಳೆದರೆ, ಫೋಟೋಗಳು ಶಾಶ್ವತವಾಗಿ ಹೋದಂತೆಯೇ; ನಾನು ಕೂಡ ಮರಳಿಸಲಾರೆ. ಇದನ್ನು ತಂಗಿಗೆ ಎರಡೆರಡು ಬಾರಿ ಹೇಳಿದೆ. ಆಕೆ ಅದಕ್ಕೂ ಒಪ್ಪಿದಳು. ಆ ಪದಗಳನ್ನು ಬರೆದ ಚೀಟಿ ಎಲ್ಲಿದೆಯೆಂದು ನನಗೆ ತಿಳಿಯದು, ನಾನು ಕೇಳಿಯೂ ಇಲ್ಲ.